ಜೆಲ್‌ನಲ್ಲಿ ಒಂದೇ ಬ್ಯಾಂಡ್, ಆದರೂ ಹರಳು ಕಟ್ಟುತ್ತಿಲ್ಲ ಏಕೆ?

ಪ್ರಶ್ನೆ: ಡಿಎನ್‌ಎಗೆ ಅಂಟುವ ಪ್ರೊಟೀನೊಂದರ ರಚನೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ನಿಕಲ್ ಕಾಲಮ್‌ನಲ್ಲಿ ಶುದ್ಧಗೊಳಿಸಿದ್ದೇನೆ. ಪ್ರೊಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಒಂದೇ ಬ್ಯಾಂಡ್ (ಪಟ್ಟಿ) ಇದೆ, 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಅನುಪಾತ) ಮಾತ್ರ 1.3. ರಚನೆ ತಿಳಿಯಲು ಎಕ್ಸ್-ರೇಗೆ ಒಡ್ಡಬೇಕಾದ ಹರಳು ಯಾವ ಹನಿಯಲ್ಲೂ ಕಟ್ಟಿಲ್ಲ. ಎಲ್ಲಿ ಎಡವಿದ್ದೇನೆ?

ಉತ್ತರ: ಉತ್ತರ ನಿಮ್ಮ 1.3ರಲ್ಲೇ ಇದೆ. ಶುದ್ಧ ಪ್ರೊಟೀನಿಗೆ ಈ ಅನುಪಾತ 0.6ರ ಆಸುಪಾಸು ಇರಬೇಕು. 1.3 ಎಂದರೆ ತೂಕದಲ್ಲಿ ಸುಮಾರು ಹತ್ತನೇ ಒಂದು ಭಾಗ ನ್ಯೂಕ್ಲಿಕ್ ಆಮ್ಲ. ಬ್ಯಾಕ್ಟೀರಿಯಾದ ಡಿಎನ್‌ಎ, ಆರ್‌ಎನ್‌ಎ ತುಣುಕುಗಳನ್ನು ನಿಮ್ಮ ಪ್ರೊಟೀನ್ ಕಚ್ಚಿಕೊಂಡೇ ಬಂದಿದೆ. ಜೆಲ್‌ಗೆ ಹಾಕುವ ಕೂಮಾಸಿ ಬಣ್ಣ ಹಿಡಿಯುವುದು ಪ್ರೊಟೀನನ್ನು ಮಾತ್ರ, ಹಾಗಾಗಿ ಜೆಲ್ ನೋಡಿ ಇದು ತಿಳಿಯದು. ನಾನಾ ಉದ್ದದ ತುಣುಕು ಹೊತ್ತ ಅಣುಗಳು ಒಂದರ ಪಕ್ಕ ಒಂದು ಕ್ರಮವಾಗಿ ಕೂರಲಾರವು. ಇದನ್ನು ಸರಿಪಡಿಸದೆ ಇನ್ನಷ್ಟು ಸ್ಕ್ರೀನ್ (ಬೇರೆಬೇರೆ ದ್ರಾವಣಗಳಲ್ಲಿ ಹರಳು ಕಟ್ಟಿಸುವ ಪ್ರಯತ್ನ) ಹಾಕುವುದು ವ್ಯರ್ಥ.

ಕೋಶ ಒಡೆಯುವ ಬಫರ್‌ನಲ್ಲೇ ಸೋಡಿಯಂ ಕ್ಲೋರೈಡ್ ಅನ್ನು 1 ಮೋಲಾರ್‌ಗೆ ಏರಿಸಿ. ಸೆಂಟ್ರಿಫ್ಯೂಜ್ ಮಾಡಿದ ತಿಳಿಗೆ ನ್ಯೂಕ್ಲಿಕ್ ಆಮ್ಲವನ್ನು ಹಿಡಿದು ತಳಕ್ಕಿಳಿಸುವ ಪಾಲಿಮರ್ ಆದ ಪಾಲಿಎಥಿಲಿನ್‌ಇಮೈನ್ ಅನ್ನು, ಪಿಎಚ್ ಸರಿಹೊಂದಿಸಿದ 10% ದ್ರಾವಣದಿಂದ ತೊಟ್ಟುತೊಟ್ಟಾಗಿ, ಕೊನೆಗೆ 0.1% ಆಗುವಷ್ಟು ಸೇರಿಸಿ. ತಣ್ಣಗೆ 10–15 ನಿಮಿಷ ಕಲಕಿ ಮತ್ತೆ ಸೆಂಟ್ರಿಫ್ಯೂಜ್ ಮಾಡಿದರೆ ನ್ಯೂಕ್ಲಿಕ್ ಆಮ್ಲ ತಳ ಸೇರುತ್ತದೆ. ಉಪ್ಪು ಕಡಿಮೆಯಾದರೆ ಪ್ರೊಟೀನೂ ಅದರ ಜೊತೆ ಕೆಳಗೆ ಹೋಗುತ್ತದೆ. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲಿಯೇ. ತಿಳಿಯಲ್ಲಿ ಉಳಿದ ಪ್ರೊಟೀನನ್ನು ಅಮೋನಿಯಂ ಸಲ್ಫೇಟ್‌ನಿಂದ ತಳಕ್ಕಿಳಿಸಿ, ಮೇಲಿನ ದ್ರವದೊಂದಿಗೆ ಪಾಲಿಮರ್ ಚೆಲ್ಲಿಬಿಡಿ. ನ್ಯೂಕ್ಲಿಯೇಸ್ (ನ್ಯೂಕ್ಲಿಕ್ ಆಮ್ಲ ಕತ್ತರಿಸುವ ಕಿಣ್ವ) ಬಳಸುವುದಾದರೆ ಉಪ್ಪು ಏರಿಸುವ ಮೊದಲೇ ಹಾಕಿ, ಜೊತೆಗೆ 2 ಮಿಲಿಮೋಲಾರ್ ಮೆಗ್ನೀಸಿಯಂ ಇರಲಿ; 1 ಮೋಲಾರ್ ಉಪ್ಪಿನಲ್ಲಿ ಸಾಮಾನ್ಯ ನ್ಯೂಕ್ಲಿಯೇಸ್ ಕೆಲಸ ಮಾಡುವುದಿಲ್ಲ.

ನಿಕಲ್ ಕಾಲಮ್ ಆದಮೇಲೆ ಉಪ್ಪನ್ನು 200 ಮಿಲಿಮೋಲಾರ್‌ಗೆ ಇಳಿಸಿ, ಡಿಎನ್‌ಎಯಂತೆಯೇ ಋಣ ವಿದ್ಯುದಂಶ ಹೊತ್ತ ಹೆಪಾರಿನ್‌ನ ಕಾಲಮ್‌ಗೆ ಹಾಕಿ. ಬಿಡಿ ಡಿಎನ್‌ಎ ಹಾದುಹೋಗುತ್ತದೆ, ಪ್ರೊಟೀನ್ ನಿಲ್ಲುತ್ತದೆ. ಉಪ್ಪನ್ನು ನಿಧಾನವಾಗಿ 1 ಮೋಲಾರ್‌ವರೆಗೆ ಏರಿಸುತ್ತ ಪ್ರೊಟೀನನ್ನು ಕಾಲಮ್‌ನಿಂದ ಬಿಡಿಸಿಕೊಳ್ಳಿ. ಹೊರಬರುವ ಪ್ರತಿ ಫ್ರಾಕ್ಷನ್‌ನ (ಬೇರೆಬೇರೆಯಾಗಿ ಹಿಡಿದ ಪಾಲಿನ) 260/280 ಬರೆದಿಡಿ. 0.65ಕ್ಕಿಂತ ಕಡಿಮೆ ಇರುವುದನ್ನಷ್ಟೇ ಮುಂದಕ್ಕೆ ಒಯ್ಯಿರಿ.

ಇನ್ನು ಡಿಎನ್‌ಎ ಜೊತೆಗಿನ ಹರಳು. ಇಲ್ಲಿ ಡಿಎನ್‌ಎ ಉದ್ದವೇ ಬಹುಪಾಲು ನಿರ್ಣಾಯಕ. ಎಷ್ಟೋ ಹರಳುಗಳಲ್ಲಿ ಡಿಎನ್‌ಎ ತುಂಡುಗಳು ತುದಿಗೆ ತುದಿ ತಾಗಿ ಉದ್ದನೆಯ ಸುರುಳಿಯಂತೆ ಸಾಲಾಗಿರುತ್ತವೆ. ಒಂದು ಬೇಸ್ ಜೋಡಿ ಹೆಚ್ಚಾದರೆ ಪಕ್ಕದ ಅಣು 3.4 ಆಂಗ್‌ಸ್ಟ್ರಾಂ ಸರಿದು, ಸುಮಾರು 34 ಡಿಗ್ರಿ ತಿರುಗುತ್ತದೆ. ಹರಳಿನ ಇಡೀ ಜೋಡಣೆ ಬದಲಾಗುತ್ತದೆ. ಹೀಗಾಗಿ ಪ್ರೊಟೀನ್ ಅಂಟುವ ತಾಣವನ್ನು ಪೂರ್ತಿ ಒಳಗೊಂಡ ಅತಿ ಚಿಕ್ಕ ತುಂಡಿನಿಂದ ಶುರುಮಾಡಿ, ಒಂದೊಂದೇ ಜೋಡಿ ಹೆಚ್ಚಿಸಿ ಐದಾರು ಉದ್ದ ಮಾಡಿಸಿ. ಸಮತುದಿಯವೂ ಇರಲಿ, ಒಂದು ಬೇಸ್ ಹೊರಚಾಚಿದವೂ ಇರಲಿ. ಎಳೆಗಳನ್ನು 95 ಡಿಗ್ರಿಗೆ ಕಾಯಿಸಿ, ಹೀಟರ್ ಆರಿಸಿ, ಬ್ಲಾಕ್‌ನಲ್ಲೇ ತಣಿಯಲು ಬಿಡಿ. ಪ್ರೊಟೀನ್ 1ಕ್ಕೆ ಡಿಎನ್‌ಎ 1.2ರಂತೆ ಹೆಚ್ಚು ಉಪ್ಪಿನಲ್ಲೇ ಬೆರೆಸಿ, ಆಮೇಲೆ ಡಯಾಲಿಸಿಸ್‌ನಲ್ಲಿ ಹಂತಹಂತವಾಗಿ 100 ಮಿಲಿಮೋಲಾರ್‌ಗೆ ಇಳಿಸಿ. ನೇರವಾಗಿ ಕಡಿಮೆ ಉಪ್ಪಿನಲ್ಲಿ ಬೆರೆಸಿದರೆ ಬೆಳ್ಳಗೆ ಮೊಸರುಗಟ್ಟುವ ಅಪಾಯವಿದೆ.

ಹರಳು ಕಂಡೊಡನೆ ಹಿಗ್ಗಬೇಡಿ. ಅದು ಬರೀ ಡಿಎನ್‌ಎಯದೋ ಉಪ್ಪಿನದೋ ಇರಬಹುದು. ಒಂದೆರಡನ್ನು ಲೂಪ್‌ನಿಂದ ಎತ್ತಿ, ಹೊಸ ದ್ರಾವಣದಲ್ಲಿ ತೊಳೆದು, ಕರಗಿಸಿ, ಪ್ರೊಟೀನ್ ಇದೆಯೇ ಎಂದು ಸಿಲ್ವರ್ ಸ್ಟೇನ್ ಜೆಲ್ ಓಡಿಸಿ ನೋಡಿ.

ಪ್ರಶ್ನೆ: ಪ್ರೊಟೀನ್ ರಚನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಮಾದರಿ ಆಲ್ಫಾಫೋಲ್ಡ್ ಬಂದಮೇಲೆ ಈ ಕ್ಷೇತ್ರಕ್ಕೆ ಬರುವುದು ಸರಿಯೇ?

ಉತ್ತರ: ಧೈರ್ಯವಾಗಿ ಬನ್ನಿ. ಪ್ರೊಟೀನ್ ರಚನೆಯ ಮುನ್ಸೂಚನೆಗೆ 2024ರಲ್ಲಿ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಸಂದಿತು, ನಿಜ. ಆ ಮಾದರಿಗೆ ಕಲಿಸಿದ್ದು ಪ್ರಯೋಗಾಲಯಗಳಲ್ಲಿ ದಶಕಗಳ ಕಾಲ ಬಿಡಿಸಿಟ್ಟ ರಚನೆಗಳೇ. ಪ್ರೊಟೀನ್ ಯಾವ ಡಿಎನ್‌ಎ ಅನುಕ್ರಮವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಇಂದಿಗೂ ಅಳೆದೇ ತಿಳಿಯಬೇಕು. ಮುನ್ಸೂಚನೆಯ ಮಾದರಿಯನ್ನು ಮೊದಲೇ ತೆರೆದು ನೋಡಿ, ವಿಶ್ವಾಸಾಂಕ ತೀರಾ ಕಡಿಮೆಯಿರುವ ತುದಿಗಳನ್ನು ಕತ್ತರಿಸಿ ಕ್ಲೋನ್ ಮಾಡಿದರೆ ಹರಳು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಆದರೆ ಡಿಎನ್‌ಎ ಹಿಡಿಯುವ ಬಾಲವೇ ಕತ್ತರಿಯ ಬಾಯಿಗೆ ಬಿದ್ದಿಲ್ಲವೆಂದು ಬೈಂಡಿಂಗ್ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ.