ನೀರಿಲ್ಲದ ಅಂಗಳಕ್ಕೆ ಯಾವ ಹುಲ್ಲು?

ಪ್ರಶ್ನೆ: ಚಳ್ಳಕೆರೆಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಗೇಟಿನ ಪಕ್ಕ ಇಳಿಜಾರು, ಗರಸು ಮಣ್ಣು. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಮನೆ ಬಳಕೆಗೇ ಸಾಲದು. ನರ್ಸರಿಯವರು ಪಂಪಾಸ್ ಹುಲ್ಲು, ನೇರಳೆ ಫೌಂಟನ್ ಹುಲ್ಲು ತೋರಿಸಿದರು. ನಮ್ಮತ್ತೆ ಲಾವಂಚ ಹಾಕು ಅಂತಾರೆ. ಯಾವುದು ಸರಿ ಸರ್?
– ಒಬ್ಬ ಗೃಹಿಣಿ, ಚಳ್ಳಕೆರೆ

ಉತ್ತರ: ಅತ್ತೆಯ ಮಾತು ಕೇಳಿ ತಾಯಿ, ಈ ಒಂದು ವಿಷಯದಲ್ಲಾದರೂ! ಇಳಿಜಾರಿಗೆ ಲಾವಂಚವೇ ಸೈ. ಅದರ ಬೇರು ಅಡ್ಡಕ್ಕೆ ಹರಡದೆ ನೆಟ್ಟಗೆ ಕೆಳಗಿಳಿಯುತ್ತದೆ, ಆಳದ ಮಣ್ಣು ಸಿಕ್ಕರೆ 3 ಮೀಟರ್‌ವರೆಗೂ. ಬಿರುಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹಿಡಿದಿಡುತ್ತದೆ. ಬುಡ ಸೀಳಿದ ಸಸಿ ತಂದು, ಎಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಮಳೆ ಹಿಡಿದ ಮೇಲೆ ಇಳಿಜಾರಿಗೆ ಅಡ್ಡಲಾಗಿ ಅರ್ಧ ಅಡಿಗೊಂದರಂತೆ ಸಾಲು ನೆಡಿ. ಮೊದಲ ಬೇಸಿಗೆಗೆ ಮಾತ್ರ ಅಕ್ಕಿ, ತರಕಾರಿ ತೊಳೆದ ನೀರು ಹಾಕುತ್ತಿರಿ. ಆಮೇಲೆ ಅದರ ಪಾಡು ಅದು ನೋಡಿಕೊಳ್ಳುತ್ತದೆ.

ಚೆಂದಕ್ಕೂ ಏನಾದರೂ ಬೇಕಲ್ಲ, ಗೇಟಿನ ಎರಡೂ ಬದಿಗೆ ನೇರಳೆ ಫೌಂಟನ್ ಒಂದೊಂದು ಬುಡ ಇಡಿ. ಅದು ಬೀಜ ಕಟ್ಟುವುದು ಅಪರೂಪ, ಹಾಗಾಗಿ ಕಳೆಯಾಗಿ ಹಬ್ಬುವ ಭಯ ಕಡಿಮೆ. ಹಸಿರೆಲೆಯ ಫೌಂಟನ್ ಕೊಟ್ಟರೆ ಮಾತ್ರ ಬೇಡ ಎನ್ನಿ. ಹವಾಯಿ ದ್ವೀಪಗಳಲ್ಲಿ ಅದು ಕಳೆಯಾಗಿ ಹಬ್ಬಿ, ಒಣಗಿ, ಕಾಳ್ಗಿಚ್ಚಿಗೆ ದಾರಿ ಮಾಡಿದೆ. ಪಂಪಾಸ್ ಫೋಟೋದಲ್ಲಿ ಚೆನ್ನ. ಅದರ ಎಲೆಯಂಚು ಕೈ ಕೊಯ್ಯುತ್ತದೆ, ಮಕ್ಕಳು ಓಡಾಡುವ ಕಡೆ ನಾನಂತೂ ನೆಡುವುದಿಲ್ಲ.

ಇನ್ನೊಂದು. ನಿಮ್ಮ ಕಡೆ ಕುರಿ ಹಿಂಡು ಜಾಸ್ತಿ. ಲಾವಂಚದ ಎಳೆ ಚಿಗುರಿಗೆ ಬಾಯಿ ಹಾಕದೆ ಬಿಡವು, ಮೊದಲ ವರ್ಷ ಜಾಲಿಮುಳ್ಳು ಅಡ್ಡ ಇಡಿ.