ಗುಂಪು ಫೋಟೊದಲ್ಲಿ ಬೆನ್ನು ತಿರುಗಿಸಿ ಕೂತವರು

(ನಗರವೊಂದರ ತುರ್ತು ಸಂಪರ್ಕ ವಿಭಾಗದಲ್ಲಿ ಪಾಳಿಯ ಮೇಲ್ವಿಚಾರಕಿಯಾಗಿರುವ ನಮ್ಮ ಅಂಕಣಕಾರ್ತಿ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನನ್ನ ಮಗಳು ತುರ್ತು ಕರೆ ಕೇಂದ್ರಕ್ಕೆ ಸೇರಿ ಕೆಲವು ತಿಂಗಳಾಯಿತು. ಮನೆಗೆ ಬಂದರೆ ಕೆಲಸದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅವರ ವಿಭಾಗದ ಸುದ್ದಿಪತ್ರ ನೋಡಿದರೆ ಬರೀ ಹುಟ್ಟುಹಬ್ಬ, ಬಡ್ತಿ, ಬಹುಮಾನ, ಗುಂಪು ಫೋಟೊ. ಜನರ ಪ್ರಾಣ ಕಾಯುವ ಕಡೆ ಇದೆಲ್ಲ ಬೇಕಾ ಮೇಡಂ?
– ಒಬ್ಬ ತಾಯಿ

ಉತ್ತರ: ಬೇಕಮ್ಮಾ. ಬೇರೆ ಆಫೀಸಿಗಿಂತ ನಮಗೇ ಜಾಸ್ತಿ ಬೇಕು.

ನಮ್ಮ ಪಾಲಿಗೆ ಬರುವುದು ಅರ್ಧ ಕಥೆ ಮಾತ್ರ. ಆಂಬುಲೆನ್ಸಿನವರು ಬಾಗಿಲು ಬಡಿದದ್ದು ಫೋನಿನಲ್ಲಿ ಕೇಳಿಸುತ್ತದೆ. "ಬಂದ್ರು, ಬಂದ್ರು" ಅನ್ನುತ್ತಾರೆ. ಲೈನ್ ಕಟ್. ಆ ಮನುಷ್ಯ ಉಳಿದನಾ, ಇಲ್ಲವಾ? ತಿರುಗಿ ಫೋನ್ ಮಾಡಿ ಹೇಳುವವರು ತೀರಾ ಅಪರೂಪ. ಅದು ಅವರ ತಪ್ಪೂ ಅಲ್ಲ, ಆ ಹೊತ್ತಿನಲ್ಲಿ ನಾವು ಯಾರಿಗೆ ನೆನಪಿರುತ್ತೇವೆ? ಅಷ್ಟರಲ್ಲಿ ಮುಂದಿನ ಕರೆ ಬಂದಾಗಿರುತ್ತದೆ.

ಹಾಗಾಗಿ ಕೊನೆ ಗೊತ್ತಾದ ಕರೆ ಒಂದು ಸಿಕ್ಕಿದರೆ ನಾವು ಸುಮ್ನೆ ಬಿಡುವುದಿಲ್ಲ. ಫೋನಿನಲ್ಲೇ ಹೇಳಿಕೊಟ್ಟು ಹೆರಿಗೆ ಮಾಡಿಸಿದವರಿಗೆ ಎಷ್ಟೋ ಕೇಂದ್ರಗಳಲ್ಲಿ ಕೊಕ್ಕರೆ ಚಿತ್ರದ ಪುಟ್ಟ ಪಿನ್ ಕೊಡುತ್ತಾರೆ (ಮಗುವನ್ನು ಕೊಕ್ಕರೆ ತಂದುಕೊಡುತ್ತದೆ ಅನ್ನುವುದು ಪಶ್ಚಿಮದವರ ಹಳೆಯ ಕಥೆ). ನಮ್ಮ ಪಾಳಿಯ ಹುಡುಗನೊಬ್ಬನಿಗೂ ಬಂತು. ಆ ಕಡೆ ಇದ್ದವರು ಗಾಬರಿಬಿದ್ದ ಒಬ್ಬ ಅಜ್ಜಿ. "ಬಳ್ಳಿ ಎಳೀಬೇಡಿ, ಕತ್ತರಿಸಬೇಡಿ. ಮಗುವನ್ನ ಒಣ ಬಟ್ಟೇಲಿ ಒರೆಸಿ, ಅಮ್ಮನ ಮೈಮೇಲೆ ಮಲಗಿಸಿ" ಅಂತ ಮೆಲ್ಲಗೆ, ಮತ್ತೆ ಮತ್ತೆ ಹೇಳುತ್ತಿದ್ದ. ಮಗು ಅತ್ತದ್ದು ಅವನ ಹೆಡ್‌ಸೆಟ್ಟಿಗೆ ಮಾತ್ರ ಕೇಳಿಸಿತು. ನಮಗೆ ಗೊತ್ತಾದದ್ದು ಅವನ ಮುಖ ನೋಡಿ. ಆ ಪಿನ್ ಸುದ್ದಿಪತ್ರದಲ್ಲಿ ಬರದೆ ಇನ್ನೆಲ್ಲಿ ಬರಬೇಕು ಹೇಳಿ?

ಅಮೆರಿಕದಲ್ಲಿ ಏಪ್ರಿಲ್ ಎರಡನೇ ವಾರವನ್ನು ಇಂಥ ಸಿಬ್ಬಂದಿಗೆಂದೇ ಮೀಸಲಿಟ್ಟಿದ್ದಾರೆ. 1981ರಲ್ಲಿ ಅದನ್ನು ಶುರು ಮಾಡಿದವರು ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ಶೆರಿಫ್ ಕಚೇರಿಯ ಪೆಟ್ರೀಷಿಯಾ ಆಂಡರ್ಸನ್. ಆ ವಾರವೇನೂ ಫೋನಿಗೆ ರಜೆ ಇರುವುದಿಲ್ಲ ಅನ್ನಿ. ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುವ ಹಾಗೇ ಇಲ್ಲ. ನಿಮ್ಮ ಕೈಲಿರುವ ಗುಂಪು ಫೋಟೊ ಇನ್ನೊಂದು ಸಲ ನೋಡಿ. ಹಿಂದೆ ಯಾರೋ ಇಬ್ಬರು ಹೆಡ್‌ಸೆಟ್ ಹಾಕಿಕೊಂಡು ಬೆನ್ನು ತಿರುಗಿಸಿ ಕೂತಿರುತ್ತಾರೆ.

ಮಗಳನ್ನು "ಇವತ್ತು ಯಾವ ಕರೆ ಬಂತು?" ಅಂತ ಕೇಳಬೇಡಿ. ಕರೆಯ ವಿವರ ಹೊರಗೆ ಹೇಳುವಂತಿಲ್ಲ. "ಪಕ್ಕದಲ್ಲಿ ಯಾರು ಕೂತಿದ್ರು?" ಅಂತ ಕೇಳಿ, ಮಾತು ಬರುತ್ತದೆ. ತರಬೇತಿಯಲ್ಲಿ ಇರುವವರೆಗೆ ಅದೇ ಲೈನಿಗೆ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಹಿರಿಯರೊಬ್ಬರು ಪಕ್ಕದಲ್ಲೇ ಇರುತ್ತಾರೆ. "ಇನ್ನು ಒಬ್ಬಳೇ ಕರೆ ತೆಗೆದುಕೊಳ್ಳುತ್ತಾಳೆ" ಅಂತ ಒಂದು ಸಾಲು ಸುದ್ದಿಪತ್ರದಲ್ಲಿ ಬಂದ ದಿನ ಮನೆಯಲ್ಲಿ ಸಿಹಿ ಮಾಡಿ. ನನ್ನ ಲೆಕ್ಕದಲ್ಲಿ ಅದು ಬಡ್ತಿಗಿಂತ ದೊಡ್ಡದು. ಕೆಟ್ಟ ಕರೆಯ ನಂತರ ಕೂತು ಕೇಳಿಸಿಕೊಳ್ಳಲೆಂದೇ ತರಬೇತಿ ಪಡೆದ ಸಹೋದ್ಯೋಗಿಗಳೂ ಬಹಳ ಕಡೆ ಇರುತ್ತಾರೆ. ಅವಳ ಕೇಂದ್ರದಲ್ಲಿ ಅಂಥವರು ಇದ್ದಾರಾ ಅಂತ ಮಾತ್ರ ಕೇಳಿ ಇಟ್ಟುಕೊಳ್ಳಿ.

ಪ್ರಶ್ನೆ: ಆಂಬುಲೆನ್ಸ್ ಕಳಿಸೋದು ಬಿಟ್ಟು ಅಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತೀರಿ?
– ಸಿಟ್ಟಾದ ಓದುಗ

ಉತ್ತರ: ಬಿಟ್ಟು ಅಲ್ಲ, ಕಳಿಸುತ್ತಲೇ ಕೇಳುತ್ತೇವೆ. ದೊಡ್ಡ ಕೇಂದ್ರಗಳಲ್ಲಿ ಕರೆ ತೆಗೆದುಕೊಳ್ಳುವವರು ಒಬ್ಬರು, ರೇಡಿಯೊದಲ್ಲಿ ಗಾಡಿ ಕಳಿಸುವವರು ಇನ್ನೊಬ್ಬರು. ನೀವು ಹೇಳಿದ್ದನ್ನು ಟೈಪ್ ಮಾಡುತ್ತಿದ್ದ ಹಾಗೇ ಅವರ ಪರದೆ ಮೇಲೆ ಬರುತ್ತದೆ. ನೀವು ನಮ್ಮ ಮೇಲೆ ರೇಗುತ್ತಿರುವಾಗ ಗಾಡಿ ಹೊರಟಿರಬಹುದು.

ಮೊದಲು ವಿಳಾಸ ಕೇಳುವುದು ಯಾಕೆಂದರೆ, ಲೈನ್ ಕಟ್ಟಾದರೂ ಎಲ್ಲಿಗೆ ಬರಬೇಕು ಅನ್ನುವುದು ಕೈಲಿರಬೇಕು. ಮೊಬೈಲ್ ತೋರಿಸುವ ಜಾಗ ಒಂದೊಂದು ಸಲ ನೂರಾರು ಮೀಟರ್ ಆಚೆ ಇರುತ್ತದೆ. ಸರಿಯಾಗಿ ತೋರಿಸಿದರೂ ಎಷ್ಟನೇ ಮಹಡಿ ಅನ್ನುವುದು ಎಷ್ಟೋ ಸಲ ಗೊತ್ತಾಗುವುದಿಲ್ಲ.

"ಎಚ್ಚರ ಇದೆಯಾ? ಉಸಿರಾಟ ಸರಿಯಾಗಿದೆಯಾ?" ಎರಡಕ್ಕೂ ಇಲ್ಲ ಅಂದರೆ ನಿಮಗೇ ಕೆಲಸ ಹಚ್ಚುತ್ತೇವೆ. ದೊಡ್ಡವರಾದರೆ ಎದೆಯ ಮಧ್ಯೆ ಅಂಗೈ ಊರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಈ ಕಡೆಯಿಂದ ನಾವು "ಒಂದು, ಎರಡು, ಮೂರು, ನಾಲ್ಕು" ಅಂತ ಜೋರಾಗಿ ಎಣಿಸುತ್ತಿರುತ್ತೇವೆ. ನೀವೂ ಜೋರಾಗಿ ಎಣಿಸಿ. ನಿಧಾನವಾದರೆ ನಮಗೆ ಕೇಳಿಸುತ್ತದೆ.

ಪ್ರಶ್ನೆ: ಈ ವ್ಯವಸ್ಥೆ ಶುರುವಾದದ್ದು ಅಮೆರಿಕದ ತುರ್ತು ಕರೆ ಸಂಖ್ಯೆ 911ರಿಂದ, ಅಲ್ವಾ?

ಉತ್ತರ: ಅಲ್ಲ. ಲಂಡನ್ನಿನ 999 ಅದಕ್ಕಿಂತ ಹಳೆಯದು, 1937ರ ಜೂನ್ 30ರದು. 911ರ ಮೊದಲ ಕರೆ ಬಂದದ್ದು 1968ರ ಫೆಬ್ರವರಿ 16ರಂದು, ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಲಂಡನ್ನಿನಲ್ಲಿ 999 ಕರೆ ಬಂದರೆ ಕೆಂಪು ದೀಪ ಮಿನುಗಿ ಹಾರನ್ ಕೂಗುತ್ತಿತ್ತು. ಅದರ ಗಲಾಟೆ ತಾಳದೆ ಆಪರೇಟರ್ ಹೆಣ್ಣುಮಕ್ಕಳು ಹಾರನ್ ಬಾಯಿಗೆ ಟೆನಿಸ್ ಚೆಂಡು ತುರುಕಿದ್ದರು ಅನ್ನುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ಮಗು ಫೋನ್ ಒತ್ತಿ ತುರ್ತು ಸಂಖ್ಯೆಗೆ ಕರೆ ಹೋಯಿತು. ಹೆದರಿ ಕಟ್ ಮಾಡಿಬಿಟ್ಟೆ. ಸರಿಯಾ?

ಉತ್ತರ: ಕಟ್ ಮಾಡಬೇಡಿ. ಕಟ್ಟಾದರೆ ಅಲ್ಲಿ ಯಾರೋ ಫೋನ್ ಕಿತ್ತುಕೊಂಡರೇನೋ ಅಂತ ನಮಗೆ ಅನುಮಾನ. ತಿರುಗಿ ಫೋನ್ ಮಾಡಬೇಕು, ಎತ್ತದಿದ್ದರೆ ಕೆಲವು ಕಡೆ ಪೊಲೀಸರನ್ನೇ ಕಳಿಸುತ್ತಾರೆ. ಲೈನಲ್ಲೇ ಇದ್ದು "ಮಗು ಒತ್ತಿಬಿಟ್ಟಿತು, ಏನೂ ತೊಂದರೆ ಇಲ್ಲ" ಅನ್ನಿ, ಸಾಕು. ಬೈಯುವುದಿಲ್ಲ.