ಸಣ್ಣ ಮಳಿಗೆ, ಕಡಿಮೆ ದುಡ್ಡು: ಜನ ನಿಂತು ನೋಡುವಂತೆ ಮಾಡುವುದು ಹೇಗೆ?

ಪ್ರಶ್ನೆ: ನಾವು ಮೂವರು ಸೇರಿ ಸಣ್ಣ ನೀರಿನ ಪಂಪ್ ತಯಾರಿಸುತ್ತೇವೆ. ಮೊದಲ ಸಲ ವ್ಯಾಪಾರ ಮೇಳದಲ್ಲಿ ಮಳಿಗೆ ಹಿಡಿದಿದ್ದೇವೆ. 3 ಮೀಟರ್ ಅಗಲ, 3 ಮೀಟರ್ ಆಳ. ಬಾಡಿಗೆಗೇ ಮುಕ್ಕಾಲು ದುಡ್ಡು ಹೋಯಿತು. ಉಳಿದದ್ದರಲ್ಲಿ ಕಣ್ಣಿಗೆ ಬೀಳುವಂತೆ ಹೇಗೆ ಅಲಂಕರಿಸುವುದು?

ಉತ್ತರ: ಅಲಂಕಾರದ ಯೋಚನೆ ಆಮೇಲೆ ಇರಲಿ. ನಡೆದು ಹೋಗುವವರಿಗೆ 3 ಮೀಟರ್ ದಾಟಲು ಎರಡು ಮೂರು ಸೆಕೆಂಡು ಸಾಕು. ಅಷ್ಟರಲ್ಲಿ ಅವರ ಕಣ್ಣಿಗೆ ಏನು ಬೀಳಬೇಕು? ಇದೊಂದನ್ನು ಮೊದಲು ತೀರ್ಮಾನಿಸಿ.

ನಿಮ್ಮ ಕೈಯಲ್ಲಿ ಒಳ್ಳೆಯ ಸಾಮಾನೇ ಇದೆ. ಪಂಪನ್ನು ಸುಮ್ನೆ ಮೇಜಿನ ಮೇಲೆ ಇಡಬೇಡಿ, ಓಡಿಸಿ. ಪಾರದರ್ಶಕ ಪೈಪಿನಲ್ಲಿ ಬಣ್ಣದ ನೀರು ತಲೆಯ ಎತ್ತರಕ್ಕೆ ಏರಿ, ಮತ್ತೆ ಅದೇ ತೊಟ್ಟಿಗೆ ಬೀಳಲಿ. ಅಲುಗಾಡುವ ವಸ್ತುವಿನ ಕಡೆ ಕಣ್ಣು ತಾನಾಗಿಯೇ ತಿರುಗುತ್ತದೆ ಅಲ್ವಾ? ಕೆಳಗೊಂದು ಅಗಲವಾದ ಟ್ರೇ ಇಡಿ. ವೈರು, ಪ್ಲಗ್ಗು ನೀರಿನಿಂದ ದೂರವಿರಲಿ, ಕರೆಂಟು ಸೋರಿದರೆ ತಾನಾಗಿಯೇ ಆಫ್ ಆಗುವ ಸ್ವಿಚ್ ಇರಲಿ. ನೀರು ಬಳಸಬಹುದೇ ಎಂದು ಆಯೋಜಕರನ್ನು ಈಗಲೇ ಕೇಳಿ.

ಇನ್ನು ಬೆಳಕು. ದುಡ್ಡು ಒಂದೇ ಕಡೆ ಹಾಕಬಹುದು ಅಂದರೆ ನಾನು ಇಲ್ಲೇ ಹಾಕುತ್ತೇನೆ. ದೊಡ್ಡ ಹಾಲ್‌ನ ಬೆಳಕು ಎಲ್ಲ ಮಳಿಗೆಗಳ ಮೇಲೂ ಒಂದೇ ಸಮನೆ ಬೀಳುತ್ತದೆ. ಗೋಡೆಯ ಮೇಲಂಚಿಗೆ ಸಿಕ್ಕಿಸುವ ಎರಡು ಎಲ್‌ಇಡಿ ಸ್ಪಾಟ್‌ಲೈಟ್ ಇದ್ದರೆ ನಿಮ್ಮದು ಅಕ್ಕಪಕ್ಕದವಕ್ಕಿಂತ ಎದ್ದು ಕಾಣುತ್ತದೆ. ಒಂದು ಪಂಪಿಗೆ, ಇನ್ನೊಂದು ಹಿಂದಿನ ಗೋಡೆಗೆ.

ಆ ಗೋಡೆಯ ಮೇಲೆ ಒಂದೇ ವಾಕ್ಯ ಬರೆಸಿ. ಕಂಪನಿಯ ಹೆಸರಿಗಿಂತ, ಪಂಪ್ ಯಾರಿಗೆ ಯಾವ ಕೆಲಸಕ್ಕೆ ಅನ್ನುವುದು ದೊಡ್ಡದಾಗಿರಲಿ. 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ ಅನ್ನುವುದು ಬೋರ್ಡ್ ಬರೆಯುವವರ ಲೆಕ್ಕ. 30 ಅಡಿಯಿಂದ ಕಾಣಬೇಕಾದರೆ 3 ಇಂಚು ಬೇಕೇ ಬೇಕು. ಸೊಂಟದಿಂದ ಕೆಳಗೆ ಏನೂ ಬರೆಸಬೇಡಿ. ನನ್ನ ಮೊದಲ ಮಳಿಗೆಯಲ್ಲಿ ಮುಖ್ಯ ವಿವರವನ್ನೆಲ್ಲ ಮೇಜಿನ ಮುಂಭಾಗಕ್ಕೆ ಅಂಟಿಸಿದ್ದೆ. ನಾಲ್ಕು ಜನ ಮುಂದೆ ನಿಂತರೆ ಸಾಕು, ಎಲ್ಲ ಮುಚ್ಚಿಹೋಗುತ್ತಿತ್ತು. ಗೋಡೆಯ ವಾಕ್ಯವನ್ನು ಬಟ್ಟೆಯ ಮೇಲೆ ಪ್ರಿಂಟ್ ಮಾಡಿಸಿದರೆ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ. ಮಡಚಿ ಒಯ್ಯಬಹುದು, ಮುಂದಿನ ಮೇಳಕ್ಕೂ ಬರುತ್ತದೆ. ಹಾಗಾಗಿ ಅದರಲ್ಲಿ ವರ್ಷ, ಮೇಳದ ಹೆಸರು ಬೇಡ.

ಮೇಜನ್ನು ಮುಂದೆ ಅಡ್ಡ ಹಾಕಬೇಡಿ, ಅದು ಬೇಲಿ ಹಾಕಿದ ಹಾಗೆ. ಪಕ್ಕದ ಗೋಡೆಗೆ ಸರಿಸಿ, ಜನ ಒಳಗೆ ಬರಲಿ. ಕರಪತ್ರಕ್ಕೆ ಜಾಸ್ತಿ ಖರ್ಚು ಮಾಡಬೇಡಿ.

ಪ್ಲಗ್ ಪಾಯಿಂಟ್ ಎಷ್ಟು ಬೇಕೋ ಮುಂಚೆಯೇ ಬರೆದು ಕೊಡಿ. ಮೇಳದ ದಿನ ಕೇಳಿದರೆ ಸಾಮಾನ್ಯವಾಗಿ ದರ ಹೆಚ್ಚು. ಒಂದು ವಾರ ಮೊದಲು ನೆಲದ ಮೇಲೆ ಟೇಪ್ ಅಂಟಿಸಿ 3 ಮೀಟರ್ ಚೌಕ ಮಾಡಿ, ಎಲ್ಲವನ್ನೂ ಜೋಡಿಸಿ, ಪಂಪ್ ಚಾಲೂ ಮಾಡಿ. ನಿಮ್ಮ ಪಂಪನ್ನು ಹಿಂದೆಂದೂ ನೋಡಿರದ ಒಬ್ಬರನ್ನು ಅದರ ಮುಂದೆ ನಡೆಸಿ, ಏನು ಮಾರುತ್ತಿದ್ದಾರೆ ಎಂದು ಕೇಳಿ. ಅವರು ತಡವರಿಸಿದರೆ ಗೋಡೆಯ ವಾಕ್ಯವನ್ನು ಬದಲಿಸಿ. ಅದಕ್ಕೇ, ಪ್ರಿಂಟಿಗೆ ಕೊಡುವ ಮೊದಲು ಆ ವಾಕ್ಯವನ್ನು ಕಾಗದದ ಮೇಲೆ ಬರೆದು ಅಂಟಿಸಿ ನೋಡಿ.